ಭತ್ತದ ಬೆಂಕಿ ರೋಗಕ್ಕೆ ವಿಷ ಹೊಡೆಯದೆ ದಾರಿ ಇದೆಯಾ? ಕಳೆದ ವರ್ಷ ತೆನೆ ಕುತ್ತಿಗೆಯಲ್ಲೇ ಮುರಿಯಿತು

ಹಳ್ಳದಂಚು (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ.

ನಮ್ಮದು ಎರಡು ಎಕರೆ ಹತ್ತು ಗುಂಟೆ ಗದ್ದೆ. ಪಕ್ಕದಲ್ಲೇ ಹಳ್ಳ. ಈಗ ರೋಹಿಣಿ ಮಳೆ ನಡೀತಾ ಇದೆ, ಇನ್ನು ಹದಿನೈದು ಇಪ್ಪತ್ತು ದಿನಕ್ಕೆ ಸಸಿಮಡಿಗೆ ಬೀಜ ಹಾಕಬೇಕು. ಅದಕ್ಕೆ ಮೊದಲೇ ಕೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಕಳೆದ ವರ್ಷ ಒಳ್ಳೆ ರೇಟು ಸಿಗುತ್ತದೆ ಅಂತ ಒಂದು ಹೊಸ ಸಣ್ಣಕ್ಕಿ ತಳಿ ಹಾಕಿದೆ. ಆಗಸ್ಟ್‌ವರೆಗೆ ಗದ್ದೆ ನೋಡಿದರೆ ಕಣ್ಣು ತಂಪಾಗುತ್ತಿತ್ತು, ಕಡು ಹಸಿರು. ಸೆಪ್ಟೆಂಬರ್‌ನಲ್ಲಿ ಎಲೆ ಮೇಲೆ ಚುಕ್ಕೆ ಶುರುವಾಯಿತು. ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು, ಕಣ್ಣಿನ ಆಕಾರ. ಬೆಂಕಿ ರೋಗ ಅಂತ ಆಗಲೇ ಗೊತ್ತಾಯಿತು. ಅಂಗಡಿಯವರು ಟ್ರೈಸೈಕ್ಲಜೋಲ್ ಅನ್ನುವ ಶಿಲೀಂಧ್ರನಾಶಕ ಪುಡಿ ಕೊಟ್ಟರು, ಹೊಡೆದೆ. ಹೊಡೆದು ಎರಡು ತಾಸಿಗೆ ಮಳೆ. ಗದ್ದೆ ನೀರು ಬದು ಮೀರಿ ನೇರ ಹಳ್ಳಕ್ಕೆ ಹೋಯಿತು.

ಆ ಹಳ್ಳದಲ್ಲೇ ನಮ್ಮಮ್ಮ ಏಡಿ ಹಿಡಿಯುವುದು. ಎಮ್ಮೆ ನೀರು ಕುಡಿಯುವುದೂ ಅಲ್ಲೇ. ಮಳೆಗಾಲ ಶುರುವಾದಾಗ ಎದುರು ನೀರಿಗೆ ಹತ್ತಿ ಬರುವ ಹತ್ತುಮೀನು ಅದೇ ದಾರಿಯಲ್ಲಿ ನಮ್ಮ ಗದ್ದೆಗೆ ಬರುತ್ತವೆ. ಆ ದಿನ ಸಂಜೆ ಅಮ್ಮ ಏಡಿ ಹಿಡಿಯುವ ಕೂಣಿ ತೆಗೆದುಕೊಂಡು ಹೊರಟಾಗ ಇವತ್ತು ಬೇಡಮ್ಮ ಅಂದೆ. ಯಾಕೆ ಅಂತ ಕೇಳಿದರು. ನನಗೆ ಹೇಳಲು ಬಾಯಿ ಬರಲಿಲ್ಲ.

ಇಷ್ಟು ಮಾಡಿದರೂ ಬೆಳೆ ಉಳಿಯಲಿಲ್ಲ. ಹಸ್ತ ಮಳೆ ಕಳೆದು ಚಿತ್ತೆ ಹಿಡಿಯುವ ಹೊತ್ತಿಗೆ ಬೆಳಿಗ್ಗೆ ಹತ್ತರವರೆಗೂ ಇಬ್ಬನಿ ಆರುತ್ತಿರಲಿಲ್ಲ. ತೆನೆ ಹೊರಗೆ ಬಂದು ಒಂದು ವಾರ ಆಗಿತ್ತು. ಒಂದು ಬೆಳಿಗ್ಗೆ ನೋಡಿದರೆ ಗದ್ದೆ ನಡುವೆ ಅಲ್ಲಲ್ಲಿ ಬೆಳ್ಳಗೆ ನಿಂತ ತೆನೆ. ಕಾಳು ತುಂಬಿದ ತೆನೆ ಬಾಗಬೇಕು ಅಲ್ವಾ, ಇವು ನೆಟ್ಟಗೆ ನಿಂತಿದ್ದವು. ಒಂದನ್ನು ಸುಮ್ನೆ ಹಿಡಿದು ಎಳೆದೆ, ಕೈಗೇ ಬಂತು. ಕುತ್ತಿಗೆಯಲ್ಲಿ ಒಂದು ಬೆರಳಗಲ ಕಪ್ಪು ಕಂದು ಪಟ್ಟಿ. ಕಾಳು ಹಿಸುಕಿದರೆ ಬರೀ ಜೊಳ್ಳು. ಆ ಮೇಲಿನ ಒಂದು ಎಕರೆಯಲ್ಲಿ ಹದಿನೆಂಟು ಕ್ವಿಂಟಾಲ್ ಬರಬೇಕಾದ ಕಡೆ ಏಳು ಬಂತು.

ನಡುವೆ ಟ್ರೈಕೋಡರ್ಮಾ (ರೋಗದ ಬೂಷ್ಟನ್ನು ತಡೆಯುವ ಒಳ್ಳೆ ಬೂಷ್ಟು) ಕೂಡ ಹೊಡೆದು ನೋಡಿದ್ದೆ. ಅಂಗಡಿಯಿಂದ ಎರಡು ಕೆಜಿ ತಂದು, ಕಲಸಿ, ಎಲೆ ಮೇಲೆ, ಮಧ್ಯಾಹ್ನ. ಏನೂ ಆಗಲಿಲ್ಲ. ಪ್ಯಾಕೆಟ್ ಆಮೇಲೆ ನೋಡಿದರೆ ಅವಧಿ ಮುಗಿದು ಐದು ತಿಂಗಳಾಗಿತ್ತು.

ಹಾಗಾಗಿ ಕೇಳುವುದು ಇಷ್ಟೆ. ಹಳ್ಳ ಕೆಡದ ಹಾಗೆ ಈ ರೋಗ ತಡೆಯಲು ನಿಜವಾಗಿ ಕೆಲಸ ಮಾಡುವಂಥದ್ದು ಏನಾದರೂ ಇದೆಯಾ? ಅಡಿಕೆ ಕೊಳೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತೇವಲ್ಲ, ಅದನ್ನೇ ಭತ್ತಕ್ಕೂ ಹೊಡೆಯಬಹುದಾ? ಹುಳಿ ಮಜ್ಜಿಗೆ, ಗಂಜಲ ಅಂತ ಕೆಲವರು ಹೇಳುತ್ತಾರೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

---

ಬದುವಿನ ಮೇಲೆ (ಸಾಗರ)

ನಿಮ್ಮ "ಕಡು ಹಸಿರು" ಅನ್ನೋ ಮಾತು ಓದಿದಾಗಲೇ ಅರ್ಥವಾಯಿತು. ಯೂರಿಯಾ ಎಷ್ಟು ಹಾಕಿದ್ದಿರಿ? ನಾನು ನಲವತ್ತು ವರ್ಷದಿಂದ ಗದ್ದೆ ಮಾಡುತ್ತಿದ್ದೇನೆ. ಯೂರಿಯಾ ಜಾಸ್ತಿ ಬಿದ್ದ ಗದ್ದೆಗೇ ಬೆಂಕಿ ಮೊದಲು ಬರುವುದು. ನಮ್ಮ ಮನೆಯ ಹತ್ತಿರದ ಗದ್ದೆಗೆ ಕೊಟ್ಟಿಗೆಯ ತೊಳೆದ ನೀರು ಹರಿದು ಬರುತ್ತದೆ. ಅದೊಂದರಲ್ಲೇ ಪ್ರತಿ ವರ್ಷ ಚುಕ್ಕೆ ಕಾಣುತ್ತಿತ್ತು. ಆ ಗದ್ದೆಗೆ ಮೇಲುಗೊಬ್ಬರ ನಿಲ್ಲಿಸಿದ ಮೇಲೆ ಕಡಿಮೆಯಾಯಿತು.

ಎರಡನೆಯದು ತಳಿ. ನಮ್ಮಲ್ಲಿ ಇಂಟಾನ್ ಇಷ್ಟು ವರ್ಷ ಉಳಿದಿರುವುದಕ್ಕೆ ಬೆಂಕಿ ತಡೆಯುವ ಗುಣವೂ ಒಂದು ಕಾರಣ. ಇಂಡೋನೇಷ್ಯಾದಿಂದ ಬಂದ ತಳಿ ಅದು, ಅವರ ಮಾತಿನಲ್ಲಿ ಇಂಟಾನ್ ಅಂದರೆ ವಜ್ರವಂತೆ. ಉದ್ದ ಬೆಳೆಯುತ್ತದೆ, ತಡವಾಗಿ ಬರುತ್ತದೆ, ಆದರೆ ಹುಲ್ಲು ಚೆನ್ನಾಗಿ ಸಿಗುತ್ತದೆ. ತುಂಗಾ ತಳಿ ಕೂಡ ನೋಡಿ. ರೇಟು ಬೇಕು ಅಂದರೆ ಸಣ್ಣಕ್ಕಿ ಅರ್ಧ ಎಕರೆಗೆ ಇಟ್ಟುಕೊಳ್ಳಿ, ಗದ್ದೆ ಪೂರ್ತಿ ಹಾಕಬೇಡಿ.

ಬೀಜ ಉಪ್ಪು ನೀರಲ್ಲಿ ಹಾಕಿ ಆರಿಸುತ್ತೀರಾ? ಹಸಿ ಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿ ಬೀಜ ಸುರಿಯಿರಿ. ತೇಲಿದ್ದೆಲ್ಲ ತೆಗೆದುಬಿಡಿ, ಮುಳುಗಿದ್ದನ್ನು ಎರಡು ಮೂರು ಸಲ ಒಳ್ಳೆ ನೀರಲ್ಲಿ ತೊಳೆಯಿರಿ. ರೋಗದ ತೆನೆಯ ಹಗುರ ಕಾಳು ಅರ್ಧಕ್ಕರ್ಧ ಅಲ್ಲೇ ಹೋಗುತ್ತದೆ.

ಮಜ್ಜಿಗೆ ನಾನೂ ಹೊಡೆದಿದ್ದೇನೆ. ಎಲೆಚುಕ್ಕೆ ಸ್ವಲ್ಪ ಇದ್ದ ವರ್ಷ ನಿಂತ ಹಾಗೆ ಅನಿಸಿತು. ಜಾಸ್ತಿ ಇದ್ದ ವರ್ಷ ನಿಲ್ಲಲಿಲ್ಲ.

---

ಸಸಿಮಡಿ (ತೀರ್ಥಹಳ್ಳಿ)

ಹಳ್ಳದಂಚು ಅಣ್ಣ, ನಿಮ್ಮಮ್ಮನ ಕೂಣಿಯ ವಿಷಯ ಓದಿ ಸುಮ್ಮನಿರಲು ಆಗಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಸಸ್ಯರೋಗ ಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು. ಈಗ ಅಪ್ಪನ ಜೊತೆ ಮೂರು ಎಕರೆ ಗದ್ದೆ ನೋಡಿಕೊಳ್ಳುತ್ತೇನೆ. ಓದುವಾಗ ನನ್ನ ಕೆಲಸವೇ ಈ ಬೆಂಕಿ ರೋಗದ ಬೂಷ್ಟನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಎದುರಿಗೆ ಒಳ್ಳೆ ಜೀವಿಗಳನ್ನು ಬಿಟ್ಟು ನೋಡುವುದು. ತಟ್ಟೆಯ ಒಂದು ಬದಿಗೆ ರೋಗದ ಬೂಷ್ಟು, ಬೂದಿ ಬಣ್ಣದ ಮೆತ್ತನೆ ವೃತ್ತ. ಇನ್ನೊಂದು ಬದಿಗೆ ಟ್ರೈಕೋಡರ್ಮಾ. ಐದಾರು ದಿನಕ್ಕೆ ಹಸಿರು ಪುಡಿ ಉದುರಿಸಿದ ಹಾಗೆ ಟ್ರೈಕೋಡರ್ಮಾ ತಟ್ಟೆ ತುಂಬಾ ಹಬ್ಬಿ ರೋಗದ ಮೇಲೆಯೇ ಹತ್ತಿ ಕೂರುತ್ತಿತ್ತು. ಬೆಳ್ಳುಳ್ಳಿ ರಸ ಹಾಕಿದ ತಟ್ಟೆಯಲ್ಲಿ ರೋಗ ಮೊಳೆಯಲೇ ಇಲ್ಲ. ಖುಷಿಯಿಂದ ಅದನ್ನೇ ನಮ್ಮ ಗದ್ದೆಗೆ ಹೊಡೆದೆ. ಮೂರು ದಿನದ ಮಳೆಗೆ ಎಲ್ಲ ತೊಳೆದು ಹೋಯಿತು. ತಟ್ಟೆಯಲ್ಲಿ ಮಳೆ ಇಲ್ಲ, ಬಿಸಿಲಿಲ್ಲ, ಹಸಿವೂ ಇಲ್ಲ. ಆ ಜೀವಿ ಎಲೆ ಮೇಲೆ ಬದುಕಬೇಕಲ್ಲ, ಅದೇ ಕಷ್ಟ. ಪರಿಸರಕ್ಕೆ ಒಳ್ಳೆಯದಾದ ಔಷಧಿ ತಯಾರಿಸುವ ಎಲ್ಲರಿಗೂ ಇದೇ ಕಗ್ಗಂಟು.

ಮೊದಲು ಶತ್ರು ಹೇಗೆ ಒಳಗೆ ಬರುತ್ತಾನೆ ಅಂತ ನೋಡಿ. ಗಾಳಿಯಲ್ಲಿ ಬಂದ ಬೀಜಾಣು ಎಲೆಗೆ ಅಂಟಿಕೊಳ್ಳುತ್ತದೆ. ಎಲೆ ಹತ್ತು ಹನ್ನೆರಡು ತಾಸು ಒದ್ದೆ ಇದ್ದರೆ ಮೊಳೆತು, ತುದಿಯಲ್ಲಿ ಒಂದು ಸಣ್ಣ ಗುಳ್ಳೆ ಕಟ್ಟುತ್ತದೆ. ಗುಳ್ಳೆಯ ಗೋಡೆಗೆ ಮೆಲನಿನ್ ಅನ್ನುವ ಕಪ್ಪು ಬಣ್ಣ ಬಳಿದುಕೊಂಡು ಒಳಗೆ ಒತ್ತಡ ಏರಿಸುತ್ತದೆ. ಎಷ್ಟು ಗೊತ್ತಾ? 8 ಮೆಗಾಪಾಸ್ಕಲ್‌ವರೆಗೆ. ಕಾರಿನ ಟಯರಿನ ಗಾಳಿಗಿಂತ 35 ಪಟ್ಟಿಗೂ ಹೆಚ್ಚು. ಆ ಒತ್ತಡದಿಂದ ಸೂಜಿ ಚುಚ್ಚಿದ ಹಾಗೆ ಎಲೆ ತೂತು ಮಾಡುತ್ತದೆ. ನೀವು ಹೊಡೆದ ಟ್ರೈಸೈಕ್ಲಜೋಲ್ ಆ ಕಪ್ಪು ಬಣ್ಣ ಆಗದಂತೆ ಮಾಡುತ್ತದೆ, ಗುಳ್ಳೆ ಟುಸ್ ಅನ್ನುತ್ತದೆ. ಅಂದರೆ ಅದು ರೋಗ ಬರುವ ಮೊದಲು ಇರಬೇಕಾದ ಔಷಧಿ. ಒಳಗೆ ಹೊಕ್ಕ ಮೇಲೆ ಹೊಡೆದರೆ ದೊಡ್ಡ ಪ್ರಯೋಜನ ಇಲ್ಲ. ನೀವು ಹೊಡೆದದ್ದು ಎಲೆಚುಕ್ಕೆ ಕಂಡ ಮೇಲೆ, ಕುತ್ತಿಗೆಗೆ ಬೇಕಾಗಿದ್ದದ್ದು ಹೊಡೆ ತುಂಬಿದಾಗ, ಅಂದರೆ ತೆನೆ ಇನ್ನೂ ಒಳಗೇ ಇರುವಾಗ.

ಇದರಿಂದಲೇ ಉತ್ತರವೂ ಬರುತ್ತದೆ. ಎಲೆಯ ಚರ್ಮ ಗಟ್ಟಿ ಮಾಡಬಹುದು. ಭತ್ತ ಮಣ್ಣಿನಿಂದ ಸಿಲಿಕಾ ಎಳೆದುಕೊಂಡು ಎಲೆಯ ಮೇಲ್ಪದರದಲ್ಲಿ ಗಾಜಿನ ಹಾಗೆ ಕೂರಿಸಿಕೊಳ್ಳುತ್ತದೆ. ಭತ್ತದ ಎಲೆ ಕೈ ಕೊಯ್ಯುತ್ತದಲ್ಲ, ಅದೇ ಸಿಲಿಕಾ. ಯೂರಿಯಾ ಜಾಸ್ತಿಯಾದರೆ ಎಲೆ ಮೆತ್ತಗಾಗುತ್ತದೆ, ಸಾಗರದ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಸಿಲಿಕಾಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅಕ್ಕಿ ಗಿರಣಿಯ ಹೊಟ್ಟು ಸುಟ್ಟ ಬೂದಿಯಲ್ಲಿ ಬಹುಪಾಲು ಅದೇ ಇರುವುದು. ಆದರೆ ಕಪ್ಪು ಬೂದಿ ತನ್ನಿ. ತುಂಬಾ ಕಾವಿನಲ್ಲಿ ಸುಟ್ಟು ಬೆಳ್ಳಗಾದದ್ದು ಮಣ್ಣಲ್ಲಿ ಬೇಗ ಕರಗುವುದಿಲ್ಲ. ನಾವು ಒಂದು ಗುಂಟೆ ಸಸಿಮಡಿಗೆ ಮೂರು ಚೀಲ ಕಪ್ಪು ಬೂದಿ ಬೆರೆಸುತ್ತೇವೆ. ಮೂರು ವರ್ಷದಿಂದ ಮಡಿಯಲ್ಲಿ ಚುಕ್ಕೆ ಕಂಡಿಲ್ಲ. ಹುಲ್ಲನ್ನು ಮಾತ್ರ ಗದ್ದೆಯಲ್ಲೇ ಬಿಡಬೇಡಿ, ರೋಗ ಬಂದ ಹುಲ್ಲಲ್ಲಿ ಬೂಷ್ಟು ಉಳಿಯುತ್ತದೆ. ಎಮ್ಮೆಗೆ ಹಾಕಿ, ಗೊಬ್ಬರ ಚೆನ್ನಾಗಿ ಕೊಳೆತ ಮೇಲೆ ಗದ್ದೆಗೆ ಬರಲಿ.

ಇನ್ನು ಒಳ್ಳೆ ಜೀವಿಗಳು. ಬೆಂಕಿ ರೋಗಕ್ಕೆ ನಾನು ಟ್ರೈಕೋಡರ್ಮಾಕ್ಕಿಂತ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ನಂಬುತ್ತೇನೆ. ಇದು ಬೂಷ್ಟಲ್ಲ, ಬ್ಯಾಕ್ಟೀರಿಯಾ. ಬೇರಿನ ಸುತ್ತ ಮನೆ ಮಾಡುತ್ತದೆ, ಅಲ್ಲಿನ ಕಬ್ಬಿಣದ ಅಂಶ ರೋಗಕ್ಕೆ ಸಿಗದ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕಿಂತ ಮುಖ್ಯ, ಬೇರಲ್ಲಿ ಕೂತೇ ಗಿಡವನ್ನು ಎಚ್ಚರ ಮಾಡುತ್ತದೆ. ಎಚ್ಚರಾದ ಗಿಡದ ಎಲೆಗೆ ರೋಗ ಬಂದರೆ ಅದು ಬೇಗ ಎದುರು ನಿಲ್ಲುತ್ತದೆ. ಹಾಗಾಗಿ ಇದನ್ನು ಬೀಜದಿಂದಲೇ ಶುರು ಮಾಡಬೇಕು. ಒಂದು ಕೆಜಿ ಬೀಜಕ್ಕೆ 10 ಗ್ರಾಂ, ಒಂದು ಲೀಟರ್ ನೀರಲ್ಲಿ ಕಲಸಿ ಬೀಜ ನೆನೆಹಾಕಿ. ಮಾರನೇ ದಿನ ನೀರು ಬಸಿದು ಗೋಣಿಯಲ್ಲಿ ಮೊಳಕೆಗೆ ಕಟ್ಟಿ. ನಾಟಿ ದಿನ ಸಸಿಯ ಬೇರನ್ನು ಅದೇ ಪುಡಿ ಕಲಸಿದ ನೀರಲ್ಲಿ ಅರ್ಧ ತಾಸು ಅದ್ದಿ. ನಾಟಿಯಾಗಿ 45 ದಿನಕ್ಕೆ, ಲೀಟರಿಗೆ 5 ಗ್ರಾಂ ಹಾಕಿ, ಬಟ್ಟೆಯಲ್ಲಿ ಸೋಸಿ, ಹತ್ತು ದಿನಕ್ಕೊಮ್ಮೆ ಮೂರು ಸಲ ಎಲೆಗೆ ಹೊಡೆಯಿರಿ. ಸಂಜೆಯೇ ಹೊಡೆಯಬೇಕು. ಮಧ್ಯಾಹ್ನದ ಬಿಸಿಲಿಗೆ ಅವು ಸಾಯುತ್ತವೆ.

ಪ್ಯಾಕೆಟ್ ತೆಗೆದುಕೊಳ್ಳುವಾಗ ತಯಾರಾದ ತಾರೀಕು ನೋಡಿ, ಮೂರು ತಿಂಗಳೊಳಗಿನದ್ದೇ ಕೇಳಿ. ಜೀವ ಇರುವ ಸರಕು ಅದು. ಅಂಗಡಿಯ ತಗಡಿನ ಮಾಡಿನ ಕೆಳಗೆ ಬೇಸಿಗೆ ಕಳೆದದ್ದಾದರೆ ನೀವು ಹೊಡೆದದ್ದು ಬರೀ ಸುಣ್ಣದಂಥ ಪುಡಿ. ಕೃಷಿ ವಿಜ್ಞಾನ ಕೇಂದ್ರ ಅಥವಾ ವಿಶ್ವವಿದ್ಯಾಲಯದಲ್ಲಿ ಮೊದಲೇ ಹೇಳಿಟ್ಟು ತಾಜಾ ತರುವುದು ಒಳ್ಳೆಯದು. ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಕೊಂಡು ತಂದ ಬೀಜಕ್ಕೆ ಎಷ್ಟೋ ಸಲ ಮೊದಲೇ ಶಿಲೀಂಧ್ರನಾಶಕ ಹಚ್ಚಿರುತ್ತಾರೆ, ಬಣ್ಣ ನೋಡಿದರೆ ಗೊತ್ತಾಗುತ್ತದೆ. ಕಾರ್ಬೆಂಡಜಿಮ್ ಹಚ್ಚಿದ ಬೀಜಕ್ಕೆ ಟ್ರೈಕೋಡರ್ಮಾ ಹಾಕಿದರೆ ಆ ಔಷಧಿ ನಮ್ಮ ಟ್ರೈಕೋಡರ್ಮಾವನ್ನೇ ಕೊಲ್ಲುತ್ತದೆ.

ಬೋರ್ಡೋ ಬೇಡ ಅಣ್ಣ. ಅಡಿಕೆ ಕೊಳೆ ತರುವ ಜೀವಿ ಬೇರೆ, ನಿಜವಾದ ಬೂಷ್ಟಿನ ಕುಲವೇ ಅಲ್ಲ ಅದು. ಬೋರ್ಡೋದಲ್ಲಿರುವ ತಾಮ್ರ ಭತ್ತದ ಎಲೆಗೆ ಬಿದ್ದರೆ ಸುಡುತ್ತದೆ, ಹೂ ಬಿಡುವಾಗ ಬಿದ್ದರೆ ಕಾಳು ಸರಿಯಾಗಿ ಕಟ್ಟದು. ತಾಮ್ರ ಮಣ್ಣಲ್ಲಿ ಉಳಿಯುತ್ತದೆ, ಹಳ್ಳದ ಮೀನಿಗೂ ಏಡಿಗೂ ಒಳ್ಳೆಯದಲ್ಲ. ಜಪಾನಿನವರು ಈ ದಾರಿಯಲ್ಲೇ ನಡೆದು ಬಂದವರು. ಮೊದಲು ತಾಮ್ರ ಹೊಡೆದರು, ಗಿಡಕ್ಕೆ ಪೆಟ್ಟಾಯಿತು. ಆಮೇಲೆ ಪಾದರಸದ ಔಷಧಿ ಬಂತು, ರೋಗ ನಿಂತಿತು, ಆದರೆ ಅಕ್ಕಿಯಲ್ಲೇ ಪಾದರಸ ಸೇರಿತು. ಅದನ್ನು ಬಿಡಲೇಬೇಕು ಅಂತ ಹುಡುಕಿದಾಗ ಸಿಕ್ಕಿದ್ದು ನಾರಾ ಊರಿನ ಕಸುಗ ದೇವಸ್ಥಾನದ ಹತ್ತಿರದ ಮಣ್ಣಲ್ಲಿದ್ದ ಒಂದು ಜೀವಿ. ಅದರಿಂದ 1960ರ ದಶಕದಲ್ಲಿ ಕಸುಗಮೈಸಿನ್ ಅನ್ನುವ ಔಷಧಿ ತಯಾರಾಯಿತು. ಈಗ ನಮ್ಮ ಅಂಗಡಿಗಳಲ್ಲೂ ಅದು ಸಿಗುತ್ತದೆ. ಜಪಾನಿನಲ್ಲಿ ಅದನ್ನೇ ಎಲ್ಲೆಡೆ ಹೊಡೆದು ಹೊಡೆದು ಕೆಲವೇ ವರ್ಷಗಳಲ್ಲಿ ರೋಗ ಅದಕ್ಕೂ ಒಗ್ಗಿಕೊಂಡಿತು. ಮಣ್ಣಿಂದ ಬಂದದ್ದು ಅಂದ ಮಾತ್ರಕ್ಕೆ ಮನಬಂದಂತೆ ಹೊಡೆಯುವ ಹಾಗಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚೀನಾದ ಯುನ್ನಾನ್‌ನ ಕೆಲಸ. ಅಲ್ಲಿ ರುಚಿಗೆ ಬೆಳೆಯುವ ಅಂಟು ಅಕ್ಕಿಯ ತಳಿಗೆ ಬೆಂಕಿ ರೋಗ ಜಾಸ್ತಿ. 1998 ಮತ್ತು 1999ರಲ್ಲಿ ಸಾವಿರಾರು ಹೆಕ್ಟೇರ್‌ನಲ್ಲಿ ರೈತರು ರೋಗ ತಡೆಯುವ ತಳಿಯ ಸಾಲುಗಳ ನಡುವೆ ಈ ಅಂಟು ಅಕ್ಕಿಯ ಒಂದೊಂದು ಸಾಲು ನೆಟ್ಟರು. ಅಂಟು ಅಕ್ಕಿಯಲ್ಲಿ ರೋಗ 94% ಇಳಿಯಿತು, ಇಳುವರಿ 89% ಏರಿತು. ಕೊನೆಗೆ ಅವರು ಔಷಧಿ ಹೊಡೆಯುವುದನ್ನೇ ಬಿಟ್ಟರು. ಬೀಜಾಣು ಒಂದು ಗಿಡದಿಂದ ಹಾರಿ ಪಕ್ಕದ ಗಿಡಕ್ಕೆ ಹೋದರೆ ಅಲ್ಲಿ ಬೇರೆ ತಳಿ, ಬಾಗಿಲು ಮುಚ್ಚಿದೆ. ನಿಮ್ಮ ಸಣ್ಣಕ್ಕಿಯನ್ನು ತುಂಗಾ ಸಾಲಿನ ನಡುವೆ ಅರ್ಧ ಎಕರೆಯಲ್ಲಿ ಹಾಕಿ ನೋಡಬಹುದು. ಎರಡೂ ಒಂದೇ ಹೊತ್ತಿಗೆ ಕೊಯ್ಲಿಗೆ ಬರಬೇಕು ಮತ್ತು ಕೊಯ್ಯುವಾಗ ಬೇರೆ ಮಾಡಬೇಕು, ಕೆಲಸ ಜಾಸ್ತಿ.

---

ಎಡದಂಡೆ (ಗಂಗಾವತಿ)

ನಮ್ಮ ಕಡೆ ಬಿಪಿಟಿ 5204 (ನಾವು ಸೋನಾ ಅನ್ನುವ ಸಣ್ಣಕ್ಕಿ ತಳಿ) ಬಿಟ್ಟರೆ ಬೇರೆ ಮಾತಿಲ್ಲರೀ. ಅಕ್ಕಿಗೆ ಹೆಸರಿದೆ, ಆದರೆ ಬೆಂಕಿ ರೋಗ ಬೇಗ ಹಿಡಿಯುತ್ತದೆ. ಒಂದು ಬೆಳೆಗೆ ನಾಲ್ಕೈದು ಸಲ ಹೊಡೆಯುವವರು ನಮ್ಮೂರಲ್ಲೇ ಇದ್ದಾರೆ. ಹೊರದೇಶಕ್ಕೆ ಹೋಗುವ ಬಾಸ್ಮತಿಯವರಿಗೆ ಇದೇ ದೊಡ್ಡ ಪೆಟ್ಟಾಯಿತು. 2018ರಿಂದ ಯುರೋಪಿನವರು ಟ್ರೈಸೈಕ್ಲಜೋಲ್ ಅಂಶ ಕೆಜಿಗೆ 0.01 ಮಿಲಿಗ್ರಾಂ ಮೀರಬಾರದು ಅಂದರು, ಮೊದಲು 1 ಮಿಲಿಗ್ರಾಂವರೆಗೆ ಬಿಡುತ್ತಿದ್ದರು. 2021ರಲ್ಲಿ ದೆಹಲಿಯ ಪೂಸಾ ಸಂಸ್ಥೆಯವರು ಬೆಂಕಿ ಮತ್ತು ಎಲೆ ಒಣಗುವ ರೋಗ ಎರಡನ್ನೂ ತಡೆಯುವ ಪೂಸಾ ಬಾಸ್ಮತಿ 1847, 1885, 1886 ಬಿಟ್ಟರು. ಅದೇ ಥರ ನಮ್ಮ ಸೋನಾಕ್ಕೂ ಮಾಡಿದರೆ ಎಷ್ಟು ಚಂದ ಅಲ್ವಾ.

ಸಸಿಮಡಿ ಅಕ್ಕ, ನನಗೊಂದು ಕೇಳುವುದಿತ್ತು. ನಮಗೆ ಬೆಂಕಿಗಿಂತ ಎಲೆಕವಚದ ರೋಗ ಜಾಸ್ತಿ. ಬುಡದಲ್ಲಿ, ನೀರಿನ ಮಟ್ಟದಲ್ಲಿ, ಹಾವಿನ ಚರ್ಮದಂಥ ಮಚ್ಚೆ ಬರುತ್ತದೆ. ಇದಕ್ಕೂ ಸ್ಯೂಡೋಮೊನಾಸ್ ಆಗುತ್ತದಾ?

---

ಸಸಿಮಡಿ (ತೀರ್ಥಹಳ್ಳಿ)

ಆಗುತ್ತದೆ ಅಣ್ಣ, ಮತ್ತೆ ಟ್ರೈಕೋಡರ್ಮಾದ ನಿಜವಾದ ಜಾಗವೂ ಇದೇ. ಈ ರೋಗ ಮಣ್ಣಲ್ಲಿ ಸಾಸಿವೆಯಂಥ ಕಂದು ಗಂಟುಗಳಾಗಿ ಉಳಿಯುತ್ತದೆ. ಕೆಸರು ಹೊಡೆಯುವಾಗ ಅವು ತೇಲಿ ಬಂದು ಬುಡಕ್ಕೆ ಅಂಟುತ್ತವೆ. ಗಾಳಿ ಬೀಸುವ ಮೂಲೆಯಲ್ಲಿ ನೀರಿನ ಮೇಲೆ ಕಸ, ನೊರೆ ಬಂದು ಸೇರುತ್ತದಲ್ಲ, ಅದನ್ನು ಬಲೆಯಲ್ಲಿ ಬಳಿದು ಹೊರಗೆ ಹಾಕಿ, ಗಂಟುಗಳ ದೊಡ್ಡ ಪಾಲು ಅದರಲ್ಲೇ ಇರುತ್ತದೆ. ಟ್ರೈಕೋಡರ್ಮಾವನ್ನು ಒದ್ದೆ ಮಾಡಿದ ಹಳೇ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ನೆರಳಲ್ಲಿ ಗೋಣಿ ಮುಚ್ಚಿ ಹದಿನೈದು ದಿನ ಇಡಿ. ಹಸಿರು ಹಿಡಿದ ಮೇಲೆ ಗದ್ದೆಗೆ ಎರಚಿ. ತೀರಾ ಒತ್ತಾಗಿ ನಾಟಿ ಮಾಡಬೇಡಿ, ಬುಡಕ್ಕೆ ಗಾಳಿ ಆಡಲಿ. ಮಚ್ಚೆ ಕಂಡರೆ 3% ಬೇವಿನ ಎಣ್ಣೆ, ಸ್ವಲ್ಪ ಸೋಪು ಕರಗಿಸಿ, ಬುಡಕ್ಕೆ ತಾಗುವ ಹಾಗೆ ಹೊಡೆಯಿರಿ.

---

ಹಳ್ಳದಂಚು (ಹೊಸನಗರ ತಾಲ್ಲೂಕು)

ಎಲ್ಲರಿಗೂ ತುಂಬಾ ಧನ್ಯವಾದ. ಅಮ್ಮನಿಗೂ ಓದಿ ಹೇಳಿದೆ. ಬೂದಿಯ ಮಾತು ಬಂದಾಗ ಅವರು, ಮೊದಲೆಲ್ಲ ಒಲೆ ಬೂದಿಯನ್ನು ಮಡಿಗೆ ಎರಚುತ್ತಿದ್ದೆವು, ಗ್ಯಾಸ್ ಬಂದ ಮೇಲೆ ನಿಂತಿತು ಅಂದರು.

ಯೂರಿಯಾ ಲೆಕ್ಕ ಹಾಕಿದೆ. ಕಳೆದ ವರ್ಷ ಎಕರೆಗೆ ಎರಡು ಚೀಲ ಬಿದ್ದಿದೆ, ಅದರಲ್ಲೂ ಒಂದು ಚೀಲ ಹೊಡೆ ಬರುವ ಮೊದಲು ಒಟ್ಟಿಗೇ. ಈ ಸಲ ಅಷ್ಟು ಹಾಕುವುದಿಲ್ಲ, ಹಾಕುವುದನ್ನೂ ಮೂರು ಸಲಕ್ಕೆ ಹಂಚುತ್ತೇನೆ. ಮೇಲಿನ ಎಕರೆಗೆ ತುಂಗಾ, ಹಳ್ಳದ ಪಕ್ಕದ ಎಕರೆಗೆ ಇಂಟಾನ್ ಹಾಕಬೇಕು ಅಂತ ಇದ್ದೇನೆ. ಸಣ್ಣಕ್ಕಿ ಆ ಹತ್ತು ಗುಂಟೆಗೆ ಮಾತ್ರ, ತುಂಗಾ ಸಾಲಿನ ನಡುವೆ.

ಒಂದೇ ಭಯ. ಇಷ್ಟೆಲ್ಲ ಮಾಡಿಯೂ ಚಿತ್ತೆ ಮಳೆಯಲ್ಲಿ ಮೋಡ, ಇಬ್ಬನಿ ಹಿಡಿದು ಕೂತರೆ ಏನು ಮಾಡಲಿ?

---

ಸಸಿಮಡಿ (ತೀರ್ಥಹಳ್ಳಿ)

ಹೊಡೆ ತುಂಬುವಾಗ ಮೇಲಿನ ಎಲೆಗಳನ್ನು ದಿನಾ ನೋಡಿ. ಹೊಸ ಚುಕ್ಕೆ ಇಲ್ಲ ಅಂದರೆ ಸ್ಯೂಡೋಮೊನಾಸ್ ಸಾಕು. ಮೇಲಿನ ಎಲೆಗೂ ಚುಕ್ಕೆ ಹತ್ತಿ, ಮೋಡವೂ ಇದ್ದರೆ, ಆ ಹತ್ತು ಗುಂಟೆಗೆ ಮಾತ್ರ, ಒಂದೇ ಸಲ, ತೆನೆ ಇಣುಕುವ ಮೊದಲು ಟ್ರೈಸೈಕ್ಲಜೋಲ್ ಲೀಟರಿಗೆ 0.6 ಗ್ರಾಂ ಹೊಡೆಯಿರಿ. ಅಷ್ಟಕ್ಕೆ ನಾನು ಬೇಡ ಅನ್ನುವುದಿಲ್ಲ, ನೀವು ಮನೆ ನಡೆಸಬೇಕು. ಹಿಂದಿನ ದಿನವೇ ಗದ್ದೆಯ ನೀರು ಇಳಿಸಿ, ಹೊರಗೆ ಹೋಗುವ ಬಾಯಿ ಮಣ್ಣು ಹಾಕಿ ಕಟ್ಟಿ, ಒಂದು ವಾರ ತೆಗೆಯಬೇಡಿ. ಮಳೆಯ ಸೂಚನೆ ಇದ್ದರೆ ಹೊಡೆಯಲೇಬೇಡಿ. ಸಾಧ್ಯವಾದರೆ ಆ ಹತ್ತು ಗುಂಟೆಯನ್ನು ಹಳ್ಳದಿಂದ ದೂರದ ಮೂಲೆಗೆ ಈಗಲೇ ಗೊತ್ತು ಮಾಡಿಕೊಳ್ಳಿ.

---

ಹಳ್ಳದಂಚು (ಹೊಸನಗರ ತಾಲ್ಲೂಕು)

ಸರಿ ಅಕ್ಕ. ದರೆ ಪಕ್ಕದ ಗದ್ದೆ ಇದೆ, ಹಳ್ಳಕ್ಕೆ ಎಲ್ಲಕ್ಕಿಂತ ದೂರ, ಅಲ್ಲಿಗೇ ಹಾಕುತ್ತೇನೆ. ನಾಳೆ ಗಿರಣಿಗೆ ಹೋಗಿ ಕಪ್ಪು ಬೂದಿ ನೋಡಿ ಬರುತ್ತೇನೆ. ಮಡಿ ಹಾಕಿದ ಮೇಲೆ ಫೋಟೋ ಹಾಕುವೆ.